ಪರಿಸರ ಅಹವಾಲು ಸಭೆ ನೋಟಿಸ್ ಬಂದ್ರ ಊರವ್ರು ಏನ್ ಮಾಡ್ಬೇಕು?

ಸೇಡಂ, ಚಿತ್ತಾಪುರ ಕಡಿ ಸುಣ್ಣಕಲ್ಲಿನ ದೊಡ್ಡ ಗಣಿನೋ ಸಿಮೆಂಟ್ ಫ್ಯಾಕ್ಟರಿನೋ ಹೊಸದಾಗಿ ಬರೋದಿದ್ರ 2006ರ ಇಐಎ (ಪರಿಸರದ ಮ್ಯಾಲ ಆಗೋ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಊರವ್ರ ಮಾತು ಕೇಳ್ಬೇಕು, ಅದಕ್ಕ ಸಭೆ ಕರೀತಾರ. ನಮ್ಮ ಮಂದಿ ಏನ್ ಮಾಡ್ತಾರ ಅಂದ್ರ, ಶಾಮಿಯಾನದಾಗ ಕುಂತು ಉಪ್ಪಿಟ್ಟು ತಿಂದು, ನಾಕು ಮಂದಿ ಒದರಾಡಿ, ಎದ್ದು ಬಂದುಬಿಡ್ತಾರ. ನಾ ಹೋಗಿದ್ದ ಒಂದು ಸಭೆದಾಗೂ ಹಂಗೇ ಆತು, ಧೂಳಿನ ಬಗ್ಗೆ ತಾಸುಗಟ್ಲೆ ಮಾತಾಡಿದ್ರೂ ನಡಾವಳಿದಾಗ ಬಂದದ್ದು ‘ನೌಕರಿ ಕೇಳಿದರು’ ಅಂತ ಒಂದೇ ಸಾಲು.

ಮೊದಲ, ನೋಟಿಸ್. ಸಭೆಗಿಂತ ಕನಿಷ್ಠ 30 ದಿನ ಮುಂಚೆ ಪೇಪರಿನಾಗ ಬರ್ಬೇಕು, ಕತ್ತರಿಸಿ ಇಟ್ಕೊಳ್ರಿ, ದಿನ ಕಡಿಮಿ ಬಿದ್ದಿದ್ರ ಅದೇ ನಿಮ್ಮ ಮೊದಲ್ನೇ ತಕರಾರು.

ಆಮ್ಯಾಲೆ ಆ ಇಐಎ ಕರಡು ವರದಿ ಓದ್ರಿ. ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿ ಆಫೀಸಿನಾಗ ಇಟ್ಟಿರ್ತಾರ, ಸಾರಾಂಶ ಕನ್ನಡದಾಗೂ ಇರ್ಬೇಕು. ದಪ್ಪ ಪುಸ್ತಕ ನೋಡಿ ಹೆದರಬ್ಯಾಡ್ರಿ, ನಿಮ್ಮೂರ ಹಳ್ಳ, ಬಾವಿ, ಸಾಲಿ ನಕಾಶದಾಗ ಅವನೋ ಇಲ್ಲೋ, ಗಾಳಿ ಯಾವ ತಿಂಗಳು ಅಳದಾರ, ಇಷ್ಟು ನೋಡಿದ್ರೂ ಬೇಕಾದಷ್ಟು ಪ್ರಶ್ನೆ ಸಿಗ್ತಾವ.

ಪಕ್ಕದಾಗ ಹಳೇ ಗಣಿ ಇದ್ರ ಪುರಾವೆ ನೀವೇ ಕೂಡಿಸ್ರಿ. ತೊಗರಿ ಎಲಿ ಮ್ಯಾಲ ಬೆರಳಾಡಿಸಿದ್ರ ಬೆಳ್ಳಗ ಗೆರಿ ಮೂಡ್ತದಲ್ಲ, ಅದರ ಫೋಟೊ ಹೊಡೀರಿ. ಗ್ವಾಡಿ ಬಿರುಕಿನ ಬಾಜೂಕ ಒಂದ್ರುಪಾಯಿ ನಾಣ್ಯ ಹಿಡಿದು ಫೋಟೊ ತೆಗದ್ರ ಅಗಲ ಎಷ್ಟು ಅಂತ ಯಾರಿಗಾದ್ರೂ ಗೊತ್ತಾಗ್ತದ. ಬ್ಲಾಸ್ಟಿಂಗ್ ಆದ ತಾರೀಖು, ಟೈಮು ಸಾಲಿ ಹುಡುಗ್ರ ನೋಟ್‌ಬುಕ್ಕಿನಾಗ ಬರಸ್ರಿ, ಅವರಷ್ಟು ನೇಮಕ್ಕ ನಾವ್ ಬರಿಯಂಗಿಲ್ಲ ಖರೆ.

ಸಭೆ ದಿನ ಡಿಸಿ ಸಾಹೇಬ್ರು ಇಲ್ಲಾ ಎಡಿಎಂ (ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್) ದರ್ಜೆಗಿಂತ ಕಡಿಮಿ ಇಲ್ಲದ ಅಧಿಕಾರಿ ಕುಂದ್ರಬೇಕು, ವಿಡಿಯೋ ಆಗ್ಲೇಬೇಕು. ಇಷ್ಟೇ ಮಂದಿ ಇರ್ಬೇಕು ಅನ್ನೋ ಕೋರಂ ನಿಯಮ ಇದಕ್ಕಿಲ್ಲ, ಅದಕ್ಕ ‘ಬಹಿಷ್ಕಾರ ಹಾಕೋಣು, ಸಭೆನೇ ನಡಿಯಂಗಿಲ್ಲ’ ಅನ್ನೋದು ತಪ್ಪು ಲೆಕ್ಕ. ಊರು, ಸರ್ವೆ ನಂಬರ್ ಹೇಳಿ ಒಂದೊಂದೇ ಪ್ರಶ್ನೆ ಕೇಳ್ರಿ, ಅದನ್ನೇ ಬರದು ಕೊಟ್ಟು ಝರಾಕ್ಸ್ ಮ್ಯಾಲ ಸಹಿ-ಶಿಕ್ಕಾ ಹಾಕಿಸ್ಕೊಳ್ರಿ.

ಮತ್ತ ಎಲ್ಲಾರೂ ಮರಿಯೋದು ಇಲ್ಲೇ: ಸಭೆ ಮುಗಿಯೋ ಮುಂದ ನಡಾವಳಿ ಸಾರಾಂಶ ಮಂಡಳಿಯವ್ರು ಕನ್ನಡದಾಗ ಓದಿ ಹೇಳ್ಬೇಕು, ಅದಾದ ಮ್ಯಾಲೇ ಸಭೆ ನಡಿಸಿದ ಅಧಿಕಾರಿ ಸಹಿ. ಅಲ್ಲೀತನಕ ಏಳಬ್ಯಾಡ್ರಿ. ನಿಮ್ಮ ಮಾತು ಬಿಟ್ಟಿದ್ರ ‘ಇದನ್ನೂ ಹಾಕ್ರಿ ಸಾಹೇಬ್ರ’ ಅಂತ ಮೈಕಿನಾಗೇ ಹೇಳ್ರಿ, ವಿಡಿಯೋದಾಗ ಬರ್ತದ.

ವಿಡಿಯೋ ಬೇಕಂದ್ರ ಆರ್‌ಟಿಐ ಹಾಕ್ರಿ, ಫೀಸು 10 ರೂಪಾಯಿ, ನಮ್ಮ ರಾಜ್ಯದಾಗ 150 ಶಬ್ದದ ಒಳಗ ಒಂದೇ ವಿಷಯ, 30 ದಿನದಾಗ ಉತ್ತರ ಕೊಡ್ಬೇಕು.

ಇಷ್ಟೆಲ್ಲಾ ಮಾಡಿದ್ರೂ ಪರ್ಮಿಷನ್ ಸಿಗಬಹುದು, ಆಗ ಚೆನ್ನೈದಾಗಿರೋ ಹಸಿರು ನ್ಯಾಯಮಂಡಳಿ ದಕ್ಷಿಣ ಪೀಠಕ್ಕ 30 ದಿನದೊಳಗ ಅಪೀಲು. ತಡಕ್ಕ ಸರಿಯಾದ ಕಾರಣ ಇದ್ರ ಇನ್ನ 60 ದಿನ, ಅದರಾಚೆ ಬಾಗಿಲು ಬಂದ್. ಪರ್ಮಿಷನ್ ಸಿಕ್ಕದ್ದನ್ನೂ ಕಂಪನಿಯವ್ರು ಪೇಪರಿನಾಗ ಹಾಕಸ್ಬೇಕು, ಅದಕ್ಕ ಹೋಟೆಲಿನಾಗ ದಿನಾ ಪೇಪರ್ ಓದೋ ಕಾಕಾಗ ಈಗ್ಲೇ ಹೇಳಿಡ್ರಿ.