ಯೆಲ್ಲೋಸ್ಟೋನ್‌ನಲ್ಲಿ ಟೆಂಟ್ ಹಾಕಬೇಕೇ? ಕ್ಯಾಂಪ್‌ಗ್ರೌಂಡ್ ಯಾರು ನಡೆಸುತ್ತಾರೆ, ಮೊದಲು ನೋಡಿ

ನಮ್ಮ ಪರಿಚಯದ ದಂಪತಿ ಮಕ್ಕಳನ್ನು ಕರೆದುಕೊಂಡು ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದರು. ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕುವ ಆಸೆ. ಸರ್ಕಾರದ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಬುಕ್ ಮಾಡುವ ದಾರಿಯೇ ಕಾಣಲಿಲ್ಲ. ಮುಚ್ಚಿರಬೇಕು ಅಂದುಕೊಂಡು 14 ಮೈಲಿ ಆಚೆ, ವೆಸ್ಟ್ ಯೆಲ್ಲೋಸ್ಟೋನ್ ಊರಿನಲ್ಲಿ ಹೋಟೆಲ್ ಹಿಡಿದರು. ಮ್ಯಾಡಿಸನ್ ತೆರೆದೇ ಇತ್ತು!

ಹೀಗೆ ಎಡವುವವರನ್ನು ತುಂಬ ನೋಡಿದ್ದೇನೆ. ಆದ್ದರಿಂದ ಮೊದಲ ಹೆಜ್ಜೆ: ಜಾಗ ನಡೆಸುವವರು ಯಾರು ಅಂತ ತಿಳಿದುಕೊಳ್ಳಿ. ನೆಲ ಸರ್ಕಾರದ್ದೇ. ಆದರೆ ಮ್ಯಾಡಿಸನ್, ಕ್ಯಾನ್ಯನ್, ಬ್ರಿಡ್ಜ್ ಬೇ, ಗ್ರಾಂಟ್ ವಿಲೇಜ್, ಫಿಶಿಂಗ್ ಬ್ರಿಡ್ಜ್ ಈ 5 ಕಡೆ ಗುತ್ತಿಗೆ ಹಿಡಿದಿರುವುದು ಜಾಂಟೆರಾ ಎಂಬ ಖಾಸಗಿ ಕಂಪನಿ. ಇವನ್ನು ಕಂಪನಿಯ ತಾಣದಲ್ಲೇ ಬುಕ್ ಮಾಡಬೇಕು. ನಾರಿಸ್, ಮ್ಯಾಮತ್, ಸ್ಲೂ ಕ್ರೀಕ್‌ನಂಥವು ಪಾರ್ಕುಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ನ್ಯಾಷನಲ್ ಪಾರ್ಕ್ ಸರ್ವೀಸ್ ಕೈಯಲ್ಲಿವೆ.

ಹಾಗಂತ ಕಂಪನಿ ನಡೆಸಿದರೆ ಬುಕಿಂಗೂ ಬೇರೆ ಕಡೆ ಅಂತ ಲೆಕ್ಕ ಹಾಕಬೇಡಿ. ಪಕ್ಕದ ಗ್ರ್ಯಾಂಡ್ ಟೀಟನ್ ಪಾರ್ಕಿನಲ್ಲಿ ಕ್ಯಾಂಪ್‌ಗ್ರೌಂಡ್ ನಡೆಸುವುದು ಕಂಪನಿಗಳು, ಬುಕಿಂಗ್ ಮಾತ್ರ ಸರ್ಕಾರದ ತಾಣದಲ್ಲೇ. ಸರ್ಕಾರದ ಅರಣ್ಯ ಇಲಾಖೆ ಫಾರೆಸ್ಟ್ ಸರ್ವೀಸ್‌ನ ಕಾಡುಗಳಲ್ಲೂ 1950ರ ಕಾಯ್ದೆಯಡಿ ಪರ್ಮಿಟ್ ಪಡೆದು ಕ್ಯಾಂಪ್‌ಗ್ರೌಂಡ್ ನಡೆಸುವ ಕಂಪನಿಗಳಿವೆ. ಅದಕ್ಕೇ ಊಹೆ ಬೇಡ. ಪಾರ್ಕಿನ ಅಧಿಕೃತ ತಾಣದಲ್ಲಿ ಆ ಕ್ಯಾಂಪ್‌ಗ್ರೌಂಡಿನ ಪುಟ ತೆರೆಯಿರಿ, ಅಲ್ಲಿರುವ ಬುಕಿಂಗ್ ಲಿಂಕನ್ನೇ ಒತ್ತಿ. ಜಾಗ ಹಿಡಿದುಕೊಡ್ತೀವಿ ಅಂತ ದುಡ್ಡು ಕೇಳುವ ಮಧ್ಯವರ್ತಿ ತಾಣಗಳ ಕಡೆ ತಲೆ ಹಾಕಲೇಬೇಡಿ.

ಟೆಂಟ್‌ನವರು ಫಿಶಿಂಗ್ ಬ್ರಿಡ್ಜ್ ಬಿಟ್ಟುಬಿಡಿ. ಕರಡಿ ಓಡಾಡುವ ಜಾಗ, ಒಳಗೇ ಮಲಗುವಂಥ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ.

ಇನ್ನು ದುಡ್ಡಿನ ವಿಷಯ. ವಾರ್ಷಿಕ ಪಾಸ್ ಇದ್ದರೆ ಗೇಟಿನ ಶುಲ್ಕ ಉಳಿಯುತ್ತದೆ, ಟೆಂಟಿನ ಬಾಡಿಗೆ ಅಲ್ಲ. 62 ವರ್ಷ ತುಂಬಿದವರ ಸೀನಿಯರ್ ಪಾಸ್‌ಗೆ ಹಲವೆಡೆ ಬಾಡಿಗೆಯಲ್ಲಿ ಅರ್ಧ ರಿಯಾಯಿತಿ ಉಂಟು. ಆದರೆ ಅದು ಸಿಗುವುದು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ವಿಸಿಟರ್ ವೀಸಾದಲ್ಲಿ ಊರಿಂದ ಬಂದ ಅಪ್ಪ-ಅಮ್ಮನ ಹೆಸರಲ್ಲಿ ಸಿಗಲ್ಲ.

ಹಾಸಿಗೆಗೆ ಜಿಪುಣತನ ಬೇಡ. ಜುಲೈನಲ್ಲೂ ರಾತ್ರಿ ನೆಲ ಮಂಜುಗಡ್ಡೆಯ ಹಾಗೆ ಕೊರೆಯುತ್ತದೆ, ಅಗ್ಗದ ಗಾಳಿ ಹಾಸಿಗೆ ಆ ಚಳಿ ತಡೆಯಲ್ಲ. ದಪ್ಪ ಫೋಮ್ ಮ್ಯಾಟೇ ಒಳ್ಳೆಯದು. ಸೌದೆ ಅಲ್ಲೇ ಕೊಳ್ಳಿ, ಮನೆಯಿಂದ ಒಯ್ದರೆ ಅದರೊಳಗಿನ ಹುಳು ಅಲ್ಲಿನ ಮರಗಳಿಗೆ ಹತ್ತುತ್ತದೆ.

ಕನ್ಫರ್ಮೇಷನ್ ಕಾಗದ ಪ್ರಿಂಟ್ ಮಾಡಿ ಕಾರಿನಲ್ಲಿಡಿ. ಪಾರ್ಕಿನ ಬಹುಪಾಲು ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ.