ಕುರಿ ಬೆದೆಯ ಲೆಕ್ಕ ಹಿಡಿಯುವುದು ಹೇಗೆ?

ಚಳ್ಳಕೆರೆ, ಜಗಳೂರು ಕಡೆ ಎಷ್ಟೋ ಮಂದೆಗಳಲ್ಲಿ ಟಗರು ವರ್ಷವಿಡೀ ಒಳಗೇ ಇರುತ್ತದೆ. ಮರಿ ಯಾವಾಗಲೋ ಬೀಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಈದ ಕುರಿಗೆ ಮೇವಿಲ್ಲ, ಮರಿಗೆ ಹಾಲಿಲ್ಲ.

ಹಾಗಾಗಿ ಮೊದಲು ಹಿಂದಿನಿಂದ ಲೆಕ್ಕ ಹಾಕಿ. ಗಬ್ಬ ಸುಮಾರು 147 ದಿನ. ಶೇಂಗಾ ಕಿತ್ತ, ಮೆಕ್ಕೆಜೋಳ ಮುರಿದ ಹೊಲದಲ್ಲಿ ಮೇವು ಸಿಗುವ ದೀಪಾವಳಿ ಹೊತ್ತಿಗೆ ಮರಿ ಬೇಕೇ? ಜೂನ್ ಮೊದಲ ವಾರ ಟಗರು ಬಿಡಿ.

ಈಗ ಒಳಗಿನ ಕೆಲಸ ನೋಡೋಣ. ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅಂಡಾಣು ಹೊರಬಿದ್ದ ಜಾಗದಲ್ಲೇ ಒಂದು ಗಂಟು ಬೆಳೆದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸುರಿಸುತ್ತದೆ. ಅದು ಇರುವವರೆಗೆ ಬೆದೆಯೂ ಇಲ್ಲ, ಹೊಸ ಅಂಡಾಣುವೂ ಇಲ್ಲ. 13, 14ನೇ ದಿನದ ಹೊತ್ತಿಗೆ ಗರ್ಭಕೋಶದಲ್ಲಿ ಭ್ರೂಣ ಇಲ್ಲದಿದ್ದರೆ ಅಲ್ಲಿಂದ ಪ್ರೊಸ್ಟಗ್ಲಾಂಡಿನ್ ಎಂಬ ಇನ್ನೊಂದು ಹಾರ್ಮೋನು ಹೊರಟು ಆ ಗಂಟನ್ನು ಕರಗಿಸುತ್ತದೆ. ತಡೆ ಹೋಯಿತು. ಬೆಳೆಯುತ್ತಿದ್ದ ಅಂಡಾಣು ಚೀಲ ಈಸ್ಟ್ರೋಜೆನ್ ಹೆಚ್ಚಿಸುತ್ತದೆ. ಕುರಿ ತಾನೇ ಟಗರನ್ನು ಹುಡುಕಿಕೊಂಡು ಹೋಗುತ್ತದೆ. ಅದೇ ಈಸ್ಟ್ರೋಜೆನ್ ಮೆದುಳಿಗೂ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಎಲ್‌ಎಚ್ ಹಾರ್ಮೋನು ಒಮ್ಮೆಲೇ ಉಕ್ಕಿ, ಸುಮಾರು ಒಂದು ದಿನದೊಳಗೆ ಅಂಡಾಣು ಬಿಡುಗಡೆ ಆಗುತ್ತದೆ. ಬೆದೆ ಇರುವುದು 24ರಿಂದ 36 ಗಂಟೆ, ಅಂಡಾಣು ಬರುವುದು ಅದರ ಕೊನೆಯಲ್ಲಿ.

ಚಳಿ ದೇಶದ ಕುರಿಗಳು ಹಗಲು ಕುಗ್ಗಿದಾಗ ಬೆದೆಗೆ ಬರುತ್ತವೆ. ನಮ್ಮಲ್ಲಿ ಹಗಲಿನ ಏರಿಳಿತ ಕಡಿಮೆ, ಮೇವಿನದೇ ಜಾಸ್ತಿ ಮಾತು. ಅದಕ್ಕೇ ಟಗರು ಬಿಡುವ ಎರಡು ಮೂರು ವಾರ ಮೊದಲಿಂದ ದಿನಕ್ಕೆ ತಲಾ 200, 250 ಗ್ರಾಂ ನುಚ್ಚು ಮೆಕ್ಕೆಜೋಳ ಕೊಡಿ. ನಿಧಾನಕ್ಕೆ ಏರಿಸಿ, ಒಮ್ಮೆಲೇ ಹಾಕಿದರೆ ಹೊಟ್ಟೆ ಕೆಡುತ್ತದೆ.

ಟಗರನ್ನು ಅದಕ್ಕೂ ಮೊದಲೇ, ಒಂದು ತಿಂಗಳಾದರೂ ಕಣ್ಣಿಗೂ ಮೂಗಿಗೂ ಸಿಗದಷ್ಟು ದೂರ ಇಡಿ. ಪಕ್ಕದ ರೊಪ್ಪದಲ್ಲಿ ಕಟ್ಟಿದರೆ ಸುಮ್ನೆ ದಂಡ. ಬೆದೆ ನಿಂತ ಕುರಿಗಳ ನಡುವೆ ಆಮೇಲೆ ಬಿಟ್ಟರೆ ಅದರ ವಾಸನೆಗೇ ಎಲ್‌ಎಚ್ ಏಳುತ್ತದೆ, ಎರಡು ಮೂರು ದಿನದಲ್ಲಿ ಅಂಡಾಣು ಬರುತ್ತದೆ. ಆದರೆ ಆ ಮೊದಲ ಸಲ ಬಹಳಷ್ಟು ಕುರಿಗಳಲ್ಲಿ ಬೆದೆ ಕಾಣುವುದಿಲ್ಲ. ಟಗರು ಸರಿಯಿಲ್ಲ ಎಂದು ಮಾರಿಬಿಡಬೇಡಿ, ಮೂರ್ನಾಲ್ಕು ವಾರ ಕಾಯಿರಿ! ಈಗಾಗಲೇ ಬೆದೆಗೆ ಬರುತ್ತಿರುವ ಮಂದೆಗೆ ಈ ಉಪಾಯ ನಡೆಯದು.

ಎಲ್ಲ ಒಟ್ಟಿಗೇ ಬೆದೆಗೆ ಬರಲಿ ಎನ್ನುವವರಿಗೆ ಪಶುವೈದ್ಯರ ಬಳಿ ಪ್ರೊಜೆಸ್ಟರಾನ್ ಸ್ಪಂಜಿನ ದಾರಿಯಿದೆ. ಯೋನಿಯಲ್ಲಿ 12ರಿಂದ 14 ದಿನ ಇಟ್ಟು ತೆಗೆಯುತ್ತಾರೆ, ತೆಗೆಯುವಾಗ ಅಂಡಾಣು ಬೆಳೆಸುವ ಪಿಎಂಎಸ್‌ಜಿ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರೆ. ಎರಡು ದಿನದ ಆಸುಪಾಸಿನಲ್ಲಿ ಬೆದೆ. ಆಗ 30 ಕುರಿಗೆ ಒಂದು ಟಗರು ಸಾಲದು, ಹತ್ತಕ್ಕೊಂದಾದರೂ ಬೇಕು. ಪ್ರೊಸ್ಟಗ್ಲಾಂಡಿನ್ ಸೂಜಿಯನ್ನಂತೂ ನೀವೇ ಹಾಕಬೇಡಿ. ಗಬ್ಬದ ಕುರಿ ಕಂದು ಹಾಕಬಹುದು. ಬಸುರಿಯರು, ಉಬ್ಬಸ ಇರುವವರು ಆ ಔಷಧಿ ಮುಟ್ಟಲೇಬಾರದು.

ಕೊನೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಬಳಿಯಿರಿ, ಎರಡು ದಿನಕ್ಕೊಮ್ಮೆ ಮತ್ತೆ ಹಚ್ಚಿ. ಟಗರು ಹಾರಿದ ಕುರಿಯ ಬೆನ್ನ ಹಿಂಭಾಗ ಕೆಂಪಾಗುತ್ತದೆ. 17 ದಿನ ಆದ ಮೇಲೆ ನೀಲಿಗೆ ಬದಲಿಸಿ. ಕೆಂಪಿನ ಮೇಲೆ ನೀಲಿ ಬಿದ್ದರೆ ಆ ಕುರಿ ಮೊದಲ ಸಲ ಗಬ್ಬ ಕಟ್ಟಿಲ್ಲ, ಅದರ ಮರಿ ತಡ.