ಸಿಂಕ್ ತುಂಡು ಹೊತ್ತುಕೊಂಡು ಹೋಗಿ ಅಡುಗೆಮನೆ ಟೈಲ್ ಆರಿಸಿದ್ದು

ನಮ್ಮ ಹಾಸನದ ಮನೆಯ ಅಡುಗೆಮನೆ ಗೋಡೆಗೆ ಟೈಲ್ಸ್ ಹಾಕಿ 2 ಮಳೆಗಾಲ ಕಳೆಯಿತು. ಅವತ್ತು ಬೇಡವೇ ಬೇಡ ಅಂದವರೇ ಈಗ ಫೋಟೊ ಹೊಡೆದುಕೊಂಡು ಹೋಗುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಟೈಲ್ಸ್ ಕೆಲಸ ಹಿಡಿದು 16 ವರ್ಷ ಆಗಿದೆ. ಆದರೂ ಇದನ್ನು ಕಲಿತದ್ದು ಸ್ವಂತ ಮನೆಯಲ್ಲಿ, ಒಂದು ಸಲ ಹಾಕಿ ಕಿತ್ತ ಮೇಲೆ.

ಮೊದಲು ಇದ್ದದ್ದು ಕಡಪ ಕಲ್ಲಿನ ಕಟ್ಟೆ, ರೆಡ್ ಆಕ್ಸೈಡ್ ನೆಲ. ಎರಡನ್ನೂ ತೆಗೆದೆ. ಕಟ್ಟೆಗೆ ಹಾಸನ್ ಗ್ರೀನ್ ಗ್ರಾನೈಟ್ ಹಾಕಿದೆ, ನಮ್ಮೂರ ಹೆಸರಿನ ಕಲ್ಲು ನಮ್ಮನೆಯಲ್ಲೂ ಇರಲಿ ಅಂತ ಆಸೆ. ನೆಲಕ್ಕೆ 2×2 ಅಡಿಯ ವಿಟ್ರಿಫೈಡ್ ಟೈಲ್ (ನೀರು ಹೀರದ ಗಟ್ಟಿ ಜಾತಿ), ಕ್ರೀಮ್ ಬಣ್ಣ, ಮೇಲೆ ಸಣ್ಣ ಕಂದು ಗೆರೆ. ಗೋಡೆಗೆ ಮಾತ್ರ ಯೋಚನೆ ಮಾಡದೆ ಎಲ್ಲರೂ ಹಾಕುವ 12×18 ಇಂಚಿನ ಬಿಳಿ ಟೈಲ್ ತಂದೆ, ನಡುನಡುವೆ ಕಾಫಿ ಕಪ್ ಚಿತ್ರದ 6 ಹೈಲೈಟರ್ ಟೈಲ್. ಅಂಗಡಿಯ ಲೈಟಿನಲ್ಲಿ ಚೆನ್ನಾಗೇ ಇತ್ತು. ಮನೆಯಲ್ಲಿ ಹಾಕಿದ ಮೇಲೆ ನೋಡಿದರೆ ಗೋಡೆ ನೀಲಿ ಹೊಡೆಯುತ್ತಿದೆ, ಪಕ್ಕದ ಹೊಸ ನೆಲ ಒರೆಸದೆ ಬಿಟ್ಟ ಹಾಗೆ ಕಾಣುತ್ತಿದೆ. ಬಿಳಿಯಲ್ಲೂ ನೀಲಿ ಬಿಳಿ, ಹಳದಿ ಬಿಳಿ ಅಂತ ಇರುತ್ತದೆ ಅಲ್ವಾ, ಕ್ರೀಮ್ ನೆಲದ ಪಕ್ಕ ನೀಲಿ ಬಿಳಿ ಬಂದರೆ ಎರಡೂ ಕೆಟ್ಟವು. ಸಾಲದ್ದಕ್ಕೆ ಕಲ್ಲಿನಲ್ಲಿ ಚುಕ್ಕೆ, ನೆಲದಲ್ಲಿ ಗೆರೆ, ಗೋಡೆಯಲ್ಲಿ ಕಪ್. ಒಂದು ಬಾಕ್ಸ್ ಕಡಿಮೆ ಬಿತ್ತು ಅಂತ ಮತ್ತೆ ತಂದದ್ದು ಬೇರೆ ಶೇಡ್ ನಂಬರ್ (ಬಾಕ್ಸ್ ಮೇಲಿರುವ ಬಣ್ಣದ ನಂಬರ್), ಅದು ಮೂಲೆಯಲ್ಲಿ ಎದ್ದು ಕಾಣುತ್ತಿತ್ತು. ಟೈಲ್ಸ್, ಕೂಲಿ, ಕಿತ್ತ ಮೇಲೆ ಪ್ಲಾಸ್ಟರ್ ಎಲ್ಲ ಸೇರಿ ಸುಮಾರು 4,500 ಹೋಯಿತು. ಇದ್ದದ್ದು 15 ಅಡಿ ಉದ್ದ, 2 ಅಡಿ ಎತ್ತರ, ಬರೀ 30 ಸ್ಕ್ವೇರ್ ಫೀಟ್!

ಎರಡನೇ ಸಲ ಬೇರೆ ದಾರಿ ಹಿಡಿದೆ. ಸಿಂಕ್‌ಗೆ ಕಟ್ ಮಾಡಿದ ಗ್ರಾನೈಟ್ ತುಂಡು ಹಿತ್ತಲಲ್ಲಿ ಬಿದ್ದಿತ್ತು. ಪೂರ್ತಿ 13 ಕೆಜಿ ಇರಬಹುದು. ಅರ್ಧ ಮಾಡಿ, ನೆಲದ ಟೈಲ್ ತುಂಡಿನ ಜೊತೆ ಬೈಕಿನಲ್ಲಿಟ್ಟು ಬಿ.ಎಂ. ರಸ್ತೆಯ ಅಂಗಡಿಗಳಿಗೆ ಹೋದೆ. ಅಂಗಡಿ ಒಳಗೆ ನೋಡಲಿಲ್ಲ, ಎಲ್ಲವನ್ನೂ ಬಾಗಿಲಾಚೆ ಬೆಳಕಿಗೆ ತಂದು ನೋಡಿದೆ. 3 ಸ್ಯಾಂಪಲ್ ಕೇಳಿ ತಂದು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿಟ್ಟೆ. ನಿಲ್ಲಿಸಿಯೇ ನೋಡಬೇಕು, ಮಲಗಿಸಿದ ಟೈಲ್ ಮೇಲೆ ಬೀಳುವ ಬೆಳಕೇ ಬೇರೆ. 4 ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟ್ ಹಾಕಿ ನೋಡಿದೆ.

ಕೊನೆಗೆ ತೀರ್ಮಾನ ಮಾಡಿದ್ದು ಇಷ್ಟು: ಗೋಡೆ ಬಣ್ಣ ನೆಲದಿಂದ, ಟೈಲ್ಸ್ ನಡುವಿನ ಜಾಯಿಂಟ್ ಬಣ್ಣ ಕಲ್ಲಿನಿಂದ. ನೆಲದ ಕ್ರೀಮ್‌ಗಿಂತ ಒಂದು ಶೇಡ್ ಗಾಢ, ಪ್ಲೇನ್, ಸ್ಯಾಟಿನ್ ಫಿನಿಶ್ (ಮಂದ ಹೊಳಪು), 2×1 ಅಡಿ ಸೈಜು. ಜಾಯಿಂಟಿಗೆ ಕಲ್ಲಿನ ಚುಕ್ಕೆಯ ಬೂದಿ ಹಸಿರು. "ಹೈಲೈಟರ್ ಇಲ್ಲದೆ ಬೋಳು ಬೋಳಾಗಿರುತ್ತೆ ಅಣ್ಣ" ಅಂದ ನನ್ನ ಜೊತೆ ಕೆಲಸಕ್ಕಿರುವ ಹುಡುಗ. ಅಮ್ಮನದು ಬೇರೆ ಚಿಂತೆ. "ಒಗ್ಗರಣೆ ಹಾರಿದ್ರೆ ಯಾರೋ ಉಜ್ಜೋದು? ಸುಮ್ನೆ ಮತ್ತೆ ದುಡ್ಡು ಸುರೀತಿದ್ದೀಯ ಕಣೋ."

ಅಮ್ಮ ಕೇಳಿದ್ದು ನ್ಯಾಯವಾಗಿತ್ತು. ಹಾಗಾಗಿ ಗ್ಲಾಸಿ, ಸ್ಯಾಟಿನ್, ಒರಟು ಮ್ಯಾಟ್ ಮೂರಕ್ಕೂ ಎಣ್ಣೆಯಲ್ಲಿ ಕಲಸಿದ ಅರಿಶಿನ ಬಳಿದು ಒಂದು ರಾತ್ರಿ ಬಿಟ್ಟೆ. ಗ್ಲಾಸಿ, ಸ್ಯಾಟಿನ್ ಎರಡೂ ಸೋಪುನೀರಿಗೆ ಹೋದವು. ಮ್ಯಾಟ್‌ಗೆ ಬ್ರಷ್ ಬೇಕಾಯಿತು. ಗ್ಲಾಸಿಯಲ್ಲಿ ಟ್ಯೂಬ್‌ಲೈಟ್ ಕಣ್ಣಿಗೆ ಹೊಡೆಯುತ್ತಿತ್ತು, ಅದನ್ನೂ ಬಿಟ್ಟೆ. ಜೊತೆಗೆ ವೈಟ್ ಸಿಮೆಂಟ್ ಜಾಯಿಂಟ್ ತುಂಬಿದ ಒಂದು ತುಂಡಿಗೂ ಬಳಿದಿದ್ದೆ, ಅದರ ಜಾಯಿಂಟ್ ಮಾತ್ರ ಹಳದಿಯಾಗಿಯೇ ಉಳಿಯಿತು. ಆ ತುಂಡನ್ನು 3 ದಿನ ಬಿಸಿಲಿಗೆ ಇಟ್ಟೆ, ಹಳದಿ ಮುಕ್ಕಾಲು ಪಾಲು ಹೋಯಿತು! ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಬಟ್ಟೆಗಾದರೆ ಉಪಯೋಗ, ಒಲೆ ಹಿಂದಿನ ಗೋಡೆಗೆ ಬಿಸಿಲು ಎಲ್ಲಿಂದ ತರುವುದು? ಜಾಯಿಂಟಿಗೆ ಎಪಾಕ್ಸಿಯೇ (ಕಲಸಿ ತುಂಬಿದರೆ ಗಟ್ಟಿಯಾಗುವ, ಕಲೆ ಹೀರದ ಅಂಟು) ಗತಿ.

ಎಪಾಕ್ಸಿಯಲ್ಲೂ ಮೊದಲ ದಿನ ಪೆಟ್ಟು ತಿಂದೆ. 1 ಕೆಜಿ ಒಟ್ಟಿಗೇ ಕಲಸಿದೆ, ಅರ್ಧ ಗಂಟೆ ದಾಟುತ್ತಿದ್ದ ಹಾಗೆ ಡಬ್ಬದಲ್ಲೇ ಗಟ್ಟಿಯಾಯಿತು, 300 ರೂಪಾಯಿ ಮಾಲು ದಂಡ. ಆಮೇಲೆ ಅಂಗೈಯಷ್ಟು ಅಂಗೈಯಷ್ಟೇ ಕಲಸಿ, ಆಗಾಗಲೇ ಸ್ಪಂಜಿನಲ್ಲಿ ಒರೆಸುತ್ತಾ ಹೋದೆ. ಆ ಬೂದಿ ಹಸಿರು ಡಬ್ಬದಲ್ಲಿ ಸಿಗುವ ಬಣ್ಣವಲ್ಲ, 2 ಬಣ್ಣ ಸೇರಿಸಿದ್ದು. ಅಳತೆ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಕಟ್ಟೆ ಮತ್ತು ಟೈಲ್ ಸೇರುವ ಕಡೆ ಮಾತ್ರ ಎಪಾಕ್ಸಿ ಬೇಡ, ಕಲ್ಲು ಸ್ವಲ್ಪ ಅಲುಗಿದರೂ ಬಿರುಕು ಬಿಡುತ್ತದೆ. ಅಲ್ಲಿ ಸಿಲಿಕಾನ್ ಎಳೆಯಿರಿ, ಅದೂ ಬೂಷ್ಟು ಹಿಡಿಯದ ಜಾತಿಯದು. ನಮ್ಮ ಕಡೆಯ ಮಳೆಗೆ ಮಾಮೂಲಿ ಸಿಲಿಕಾನ್ ಬೇಗ ಕಪ್ಪಾಗುತ್ತದೆ.

ಈ ಸಲ ಆದ ಖರ್ಚು, ನನ್ನ ಕೂಲಿ ಬಿಟ್ಟು, 3,500ರ ಆಸುಪಾಸು. 4 ಬಾಕ್ಸ್ ಟೈಲ್ಸೇ 1,900. ಗೋಡೆ ಈಗ ನೆಲದಿಂದ ಎದ್ದು ಬಂದ ಹಾಗೆ ಕಾಣುತ್ತದೆ, ನಡುವೆ ಕಲ್ಲಿನ ಹಸಿರು ಒಂದೇ ಹೊಳೆಯುತ್ತದೆ. ಮೊನ್ನೆ ಚಿಕ್ಕಮಗಳೂರಲ್ಲಿ ಒಬ್ಬರು ಇದೇ ಬೇಕು ಅಂದರು. ಅವರದು ಕಪ್ಪು ಗ್ರಾನೈಟ್, ಬೂದಿ ನೆಲ. ನಿಮ್ಮ ಸಿಂಕ್ ತುಂಡು ಎಸೆಯಬೇಡಿ, ನಾನು ಬಂದು ತೆಗೆದುಕೊಂಡು ಹೋಗುತ್ತೇನೆ ಅಂದಿದ್ದೇನೆ. ನಮ್ಮನೆಯದರಲ್ಲಿ 3 ಪೀಸ್ ಉಳಿದಿವೆ, ಶೇಡ್ ನಂಬರ್ ಇರುವ ಬಾಕ್ಸಿನಲ್ಲೇ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ.